ಸೇತುಬಂಧ ಹೇವರ್ಡ್‌ನ ಮಕ್ಕಳಿಗೂ ಬೇಕು



"ನಿಮ್ಮ ಮಗ ಕ್ಯಾಲ್ಕ್ಯುಲಸ್ ಯಾವಾಗ ತಗೋತಾನೆ?" ಬೇ ಏರಿಯಾದ ಕನ್ನಡ ಮನೆಗಳ ಹಬ್ಬದೂಟದಲ್ಲಿ ಪಾಯಸಕ್ಕಿಂತ ಮೊದಲು ಬಡಿಸುವ ಪ್ರಶ್ನೆ ಇದು. ಹತ್ತನೇ ತರಗತಿಯಲ್ಲೇ ಎಂದವರಿಗೆ ಮರ್ಯಾದೆ, ಹನ್ನೆರಡರಲ್ಲಿ ಎಂದವರಿಗೆ ಸಹಾನುಭೂತಿ. ಆ ಹುಡುಗನಿಗೆ ಭಿನ್ನರಾಶಿ ಕೂಡಿಸಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ!

ಹೇವರ್ಡ್‌ನಲ್ಲಿ ವಾರಾಂತ್ಯ ನಮ್ಮವರ ಕೆಲವು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕ್ಯಾಲ್ಕ್ಯುಲಸ್ ತಲೆಗೆ ಹತ್ತುತ್ತಿಲ್ಲ ಎಂದು ಬರುವವರಲ್ಲಿ ಹೆಚ್ಚಿನವರು ಎಡವಿರುವುದು ಅದರಲ್ಲಿ ಅಲ್ಲವೇ ಅಲ್ಲ. ಎಕ್ಸ್ ವರ್ಗದಿಂದ 9 ಕಳೆದು, ಬಂದದ್ದನ್ನು ಎಕ್ಸ್ ಮೈನಸ್ 3ರಿಂದ ಭಾಗಿಸಿ. ಎಕ್ಸ್ 3ರ ಹತ್ತಿರ ಹೋದಂತೆ ಬೆಲೆ ಎಷ್ಟಾಗುತ್ತದೆ? ಅಪವರ್ತನ ಗೊತ್ತಿದ್ದರೆ ಎಕ್ಸ್ ಪ್ಲಸ್ 3 ಉಳಿಯುತ್ತದೆ, ಉತ್ತರ 6. ಇದರಲ್ಲಿ ಲಿಮಿಟ್‌ನ ಕೆಲಸ ಅರ್ಧ ಸಾಲು, ಉಳಿದದ್ದೆಲ್ಲ ಹೈಸ್ಕೂಲಿನ ಬೀಜಗಣಿತ. ಸೈನ್‌ನ ಡಿರೈವೇಟಿವ್ ಕೊಸೈನ್ ಎಂದು ಬಾಯಿಪಾಠ ಒಪ್ಪಿಸುವವರಿಗೆ ಅದು ಏಕೆ ಹಾಗೆ ಎಂದು ತೋರಿಸಬೇಕಾದರೆ ಸೈನ್ ಎ ಪ್ಲಸ್ ಬಿ ಸೂತ್ರ ಬೇಕು, ಕೋನವನ್ನು ರೇಡಿಯನ್‌ನಲ್ಲಿ ಅಳೆಯುವುದೇಕೆಂದು ತಿಳಿದಿರಬೇಕು. ಅಲ್ಲಿಗೆ ಎಲ್ಲರೂ ಮೌನ. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಎಂದಷ್ಟೇ ಬರೆದು ಮುಂದೆ ಹೋಗುವವರಿಗೆ ಸಾಕ್ಷಾತ್ ನ್ಯೂಟನ್ ಬಂದು ಏನು ಮಾಡಿಯಾನು?

ಕಾಲೇಜಿಗೆ ಹೋದ ಮೇಲೆ ಸರಿಹೋಗುತ್ತದೆ ಎನ್ನುವವರು ಸ್ವಲ್ಪ ಕೇಳಿ. ಆ ಬಾಗಿಲು ಮುಚ್ಚುತ್ತ ಬಂದಿದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2017ರಲ್ಲಿ ಹೊರಡಿಸಿದ ಆದೇಶದಿಂದ 2018ರಲ್ಲಿ ಕ್ರೆಡಿಟ್ ಇಲ್ಲದ ತಯಾರಿ ತರಗತಿಗಳು ನಿಂತವು; ನಮ್ಮ ಗುಡ್ಡದ ಮೇಲಿನ ಈಸ್ಟ್ ಬೇ ಕ್ಯಾಂಪಸ್ ಕೂಡ ಇದಕ್ಕೆ ಸೇರಿದ್ದೇ. ಕಮ್ಯುನಿಟಿ ಕಾಲೇಜುಗಳಿಗೆ 2017ರಲ್ಲಿ ಎಬಿ 705, 2022ರಲ್ಲಿ ಎಬಿ 1705 ಕಾಯ್ದೆ ಬಂತು. ಎಂಜಿನಿಯರಿಂಗ್, ವಿಜ್ಞಾನ ಓದಲು ಹೊರಟವರಲ್ಲಿ ಹೆಚ್ಚಿನವರನ್ನು 2025ರಿಂದ ನೇರವಾಗಿ ಕ್ಯಾಲ್ಕ್ಯುಲಸ್‌ಗೇ ಸೇರಿಸಬೇಕು. ಶಾಬೋ ಕಾಲೇಜಿಗೂ ಇದೇ ಕಾಯ್ದೆ. ಕಾಯ್ದೆ ತಂದವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ: ತಯಾರಿ ತರಗತಿಗಳ ಏಣಿ ಹತ್ತುತ್ತಲೇ ವರ್ಷ ಕಳೆದು ಓದು ಬಿಟ್ಟವರು ಬಹಳ. ಪಾಠದ ಜೊತೆಗೇ ನಡೆಸುವ ಬೆಂಬಲ ತರಗತಿಗಳಿಗೂ ಅವಕಾಶವಿದೆ. ಆದರೆ ಅದು ಓಡುವ ಬಸ್ಸಿಗೆ ಪಂಕ್ಚರ್ ಹಾಕುವ ಕೆಲಸ.

ಊರಿನ ಸರ್ಕಾರಿ ಕನ್ನಡ ಶಾಲೆ ಎಂದರೆ ಮೂಗು ಮುರಿಯುವ ನಮ್ಮ ಜನಕ್ಕೆ ಒಂದು ನೆನಪು. ಅಲ್ಲಿ ಶಾಲೆ ಶುರುವಾದ ಕೂಡಲೇ ಹೊಸ ಪಾಠಕ್ಕೆ ಕೈ ಹಾಕುವುದಿಲ್ಲ. ಮೊದಲು ಸೇತುಬಂಧ. ಹಿಂದಿನ ವರ್ಷದ್ದು ಎಷ್ಟು ಉಳಿದಿದೆ ಎಂದು ಪೂರ್ವ ಪರೀಕ್ಷೆ, ಉಳಿಯದ್ದನ್ನು ಮತ್ತೆ ಕಲಿಸುವುದು, ಆಮೇಲೆ ಸಾಫಲ್ಯ ಪರೀಕ್ಷೆ. ಎಲ್ಲ ಕಡೆ ಶ್ರದ್ಧೆಯಿಂದ ನಡೆಯುತ್ತದೆ ಎಂದು ನಾನು ಹೇಳಲಾರೆ, ಆದರೆ ಯೋಚನೆ ಅಪ್ಪಟವಾದದ್ದು. ದಿನಾ ಹೇವರ್ಡ್‌ನಿಂದ ಸ್ಯಾನ್ ಮೆಟಿಯೊಗೆ ಸೇತುವೆ ದಾಟುವ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕೇ?

ಇಲ್ಲಿಯ ಟ್ಯೂಷನ್ ಕೇಂದ್ರವೊಂದು, ಹಳೆಯದನ್ನು ಮತ್ತೆ ಓದಿಸಿದರೆ ಮಗು ಹಿಂದೆ ಬೀಳುತ್ತದೆ ಎಂದು ನನ್ನ ಮುಂದೆಯೇ ಒಬ್ಬ ತಾಯಿಗೆ ಹೇಳಿತು. ಮುಂದಿನ ಲೆವೆಲ್ ಮಾರುವವರು ಇನ್ನೇನು ಹೇಳಿಯಾರು?

ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ ಬರೆದ. ನಮ್ಮಲ್ಲಿ ಎಷ್ಟೋ ಮಂದಿ ಬೀಜಗಣಿತ, ತ್ರಿಕೋನಮಿತಿ ಕಲಿತದ್ದೂ ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಹತ್ತು ಸಲ ಕೇಳಿ ಅರ್ಥವಾಗದ್ದನ್ನು ಅಡುಗೆಮನೆಯ ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ, ಮಗುವಿನ ಮುಖ ಗಮನಿಸಿ.

ಸೆಮಿಸ್ಟರ್ ಶುರುವಾಗುವುದು ಆಗಸ್ಟ್‌ನಲ್ಲಿ. ಜೂನ್, ಜುಲೈನ ಎಂಟು ಶನಿವಾರ ಸಿಕ್ಕರೆ ಸಾಕು: ಭಿನ್ನರಾಶಿ, ಘಾತಾಂಕ, ಅಪವರ್ತನಕ್ಕೆ ಮೂರು, ಗ್ರಾಫ್ ಮತ್ತು ಲಾಗರಿದಮ್‌ಗೆ ಎರಡು, ಉಳಿದ ಮೂರೂ ಯೂನಿಟ್ ಸರ್ಕಲ್ ಮತ್ತು ತ್ರಿಕೋನಮಿತಿಗೆ. ಕ್ರಿಕೆಟ್ ಆಡಲು ಮೈದಾನ ಹುಡುಕುವ ಕನ್ನಡಿಗರಿಗೆ ಒಂದು ಬಿಳಿ ಹಲಗೆ, ಹತ್ತು ಕುರ್ಚಿ ಹುಡುಕುವುದು ಕಷ್ಟವೇ? ಕಲಿಸಬಲ್ಲ ಎಂಜಿನಿಯರುಗಳು ಈ ಮೇಲ್‌ಗೆ ಉತ್ತರಿಸಿ, ಯಾವ ಶನಿವಾರ ನಿಮ್ಮದು ಎಂದು ತಿಳಿಸಿ. ಮೊದಲ ದಿನ ಪೂರ್ವ ಪರೀಕ್ಷೆ. ಮಕ್ಕಳು ಕ್ಯಾಲ್ಕ್ಯುಲೇಟರ್ ಮನೆಯಲ್ಲೇ ಬಿಟ್ಟು ಬರಲಿ.