ಹಂಗಾಮಿಗೆ ಮುನ್ನ ತಲುಪಬೇಕಾದ ಮಾತು

ಕಬ್ಬಿನ ಹಂಗಾಮು ಶುರುವಾದರೆ ಬೆಳಗಾವಿ ಜಿಲ್ಲೆಯ ಕೃಷ್ಣಾ ಸೀಮೆಯ ಐನಾಪುರ, ಉಗಾರ, ಕೆಂಪವಾಡಗಳ ಚಹರೆಯೇ ಬದಲಾಗುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಲಾರಿ, ಟ್ರ್ಯಾಕ್ಟರ್ ಚಾಲಕರು ಕಾರ್ಖಾನೆ ಮುಂದೆ ರಾತ್ರಿಯಿಡೀ ಸರದಿ ಕಾಯುತ್ತಾರೆ. ಮನೆ ಬಿಟ್ಟು ತಿಂಗಳುಗಟ್ಟಲೆ ದುಡಿಯುವ ಬದುಕು, ಬಡತನ, 1982ರ ಕಾಯ್ದೆ ನಿಷೇಧಿಸಿದ ಮೇಲೂ ನೆರಳು ಉಳಿಸಿಹೋದ ದೇವದಾಸಿ ಪದ್ಧತಿ. ಇವೆಲ್ಲದರ ನಡುವೆ ಎರಡು ದಶಕಗಳ ಹಿಂದೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಹೆಚ್‌ಐವಿಯಿಂದ ತತ್ತರಿಸಿದ್ದವು. ಆಮೇಲೆ ಸೋಂಕು ಇಳಿಯಿತು. ಸೋಂಕಿಗೆ ದಾರಿ ಮಾಡಿಕೊಟ್ಟ ಕಾರಣಗಳು ಮಾತ್ರ ಅಳಿದಿಲ್ಲ.

ಈಗ ಸೋಂಕು ತಗಲುವ ಮೊದಲೇ ತಡೆಯುವ ಗುಳಿಗೆ ಇದೆ. ಹೆಸರು ಪ್ರೆಪ್. ಸೋಂಕಿಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದವರು ವೈದ್ಯರ ಸಲಹೆಯಂತೆ ದಿನಕ್ಕೊಂದು ನುಂಗಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸಬೇಕು. ಇತರ ಲೈಂಗಿಕ ರೋಗಗಳನ್ನು ಇದು ತಡೆಯದು, ಕಾಂಡೋಮ್ ಬಿಡುವಂತಿಲ್ಲ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರದೇ ಸಂಘಟನೆಯಾದ ಆಶೋದಯ ಸಮಿತಿ ಆರುನೂರಕ್ಕೂ ಹೆಚ್ಚು ಮಹಿಳೆಯರಿಗೆ ಈ ಗುಳಿಗೆ ತಲುಪಿಸಿತು. ಆ ಪ್ರಯೋಗದ ಅವಧಿಯಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಅಲ್ಲಿ ತಿಳಿಹೇಳಿದವರು ಅವರ ಗೆಳತಿಯರೇ.

ಹೆಚ್‌ಐವಿ ತಡೆಯಲು ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಳ್ಳುವ ಲೆನಕಾಪವಿರ್ ಔಷಧವನ್ನು 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್ ದರದಲ್ಲಿ ಒದಗಿಸುವ ಒಪ್ಪಂದಕ್ಕೆ ಡಾ. ರೆಡ್ಡೀಸ್, ಹೆಟೆರೊ ಕಂಪನಿಗಳು 2025ರಲ್ಲಿ ಬಂದಿವೆ. ನಮ್ಮ ಎಚ್ಚರಿಕೆ ಇರುವುದು ಇಲ್ಲಿಯೇ. ಮಾಹಿತಿಗಿಂತ ಮೊದಲು ಔಷಧ ಬಂದರೆ ಅದು ನಗರಗಳಲ್ಲೇ ಉಳಿದೀತು. ಹಳ್ಳಿಗೆ ಗಾಳಿಸುದ್ದಿಯಷ್ಟೇ ಬಂದೀತು. ಪ್ರೆಪ್‌ನಲ್ಲಿರುವ ಟೆನೊಫೊವಿರ್ ಹೆಚ್‌ಐವಿ ಚಿಕಿತ್ಸೆಗೂ ಬಳಕೆಯಾಗುವುದರಿಂದ, ಗುಳಿಗೆ ನುಂಗುವವಳಿಗೇ ರೋಗವಿದೆ ಎಂದು ಊರು ಬೆರಳು ತೋರಿಸಿದರೆ ಆಕೆ ಡಬ್ಬಿ ಬಿಸಾಡುತ್ತಾಳೆ.

ಆದ್ದರಿಂದ ಹಂಗಾಮಿಗೆ ಮೊದಲೇ ಆಶಾ ಕಾರ್ಯಕರ್ತೆಯರು, ಗ್ಯಾಂಗಿನ ಮುಕಾದಮರು, ಮಾಜಿ ದೇವದಾಸಿ ಮಹಿಳೆಯರ ಸಂಘಗಳಿಗೆ ಕನ್ನಡ, ಮರಾಠಿ ಎರಡರಲ್ಲೂ ತರಬೇತಿ ಸಿಗಬೇಕು. ಅಪಾಯದ ಸಂಪರ್ಕವಾದರೆ ಎಷ್ಟು ಬೇಗ ಆದರೆ ಅಷ್ಟು ಬೇಗ, 72 ಗಂಟೆಯೊಳಗೆ, ಆಸ್ಪತ್ರೆಗೆ ಹೋಗಿ 28 ದಿನಗಳ ತುರ್ತು ಔಷಧ ಶುರುಮಾಡಬೇಕು. ಹೆಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸೋಂಕಿತರ ಗುಟ್ಟು ಕಾಯುವ 2017ರ ಕಾಯ್ದೆ ಇದೆ. ಈ ಮೂರು ಮಾತು ಪ್ರತಿ ಜೋಪಡಿಗೂ ಮುಟ್ಟಬೇಕು. ಜಿಲ್ಲಾ ಆರೋಗ್ಯ ಇಲಾಖೆ, ಪಟ್ಟಣ ಪಂಚಾಯಿತಿ, ಸಕ್ಕರೆ ಕಾರ್ಖಾನೆಗಳು ಒಟ್ಟಿಗೆ ಕೂತು ಯೋಜನೆ ಮಾಡಲಿ. ಕಬ್ಬು ನುರಿಸುವ ದಿನ ಗೊತ್ತುಮಾಡುವಾಗಲೇ ಕಡಿಯುವವರ ಆರೋಗ್ಯ ಶಿಬಿರದ ದಿನವನ್ನೂ ಗೊತ್ತುಮಾಡಲಿ.