ಆಕಾಶದ ಕಾಲುವೆ

ಹುಣಸೂರು ತಾಲ್ಲೂಕಿನ ಹನಗೋಡಿನ ಬಳಿ ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಅಣೆಯಿಂದ ಕಾಲುವೆಯ ನೀರು ಹೊಲಗದ್ದೆಗಳಿಗೆ ಹರಿಯುತ್ತದೆ. ಕೃಷ್ಣರಾಜನಗರದ ಬತ್ತದ ಬಯಲಿಗೆ ಕಾವೇರಿಯ ಕಾಲುವೆಗಳೇ ಆಧಾರ. ಕಾಲುವೆಯ ತಲೆಯಲ್ಲಿರುವ ರೈತನು ತನ್ನ ತೂಬನ್ನು ಹಿಗ್ಗಿಸಿಕೊಂಡರೆ ಕೊನೆಯಲ್ಲಿರುವ ರೈತನ ಪೈರು ಒಣಗುತ್ತದೆ. ಆದುದರಿಂದಲೇ ನೀರಿಗೆ ಸರದಿಯುಂಟು, ತೂಬಿಗೆ ಅಳತೆಯುಂಟು. ಈ ನೆಲದ ಮೇಲೆ ಕಣ್ಣಿಗೆ ಕಾಣದ ಮತ್ತೊಂದು ಕಾಲುವೆಯೂ ಹರಿಯುತ್ತಿದೆ. ಅದು ರೇಡಿಯೋ ಅಲೆಗಳ ಕಾಲುವೆ. ಅಲ್ಲಿಯೂ ಇದೇ ಧರ್ಮವು ಸಲ್ಲಬೇಕು.

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದರು. ಮುಂದೆ ರಾಷ್ಟ್ರದ ಬಾನುಲಿಗೇ ಆ ಹೆಸರು ನಿಂತಿತು. ಅಂದು ಈ ಸೀಮೆಯ ಆಕಾಶವು ಬಹುಮಟ್ಟಿಗೆ ಬರಿದಾಗಿತ್ತು. ಇಂದಾದರೋ ಬಾನುಲಿ, ಮೊಬೈಲ್ ಫೋನು, ಪೊಲೀಸರ ಹಾಗೂ ಅರಣ್ಯ ಸಿಬ್ಬಂದಿಯ ನಿಸ್ತಂತು ಯಂತ್ರ, ಮನೆಮನೆಯ ವೈಫೈ ಎಲ್ಲವೂ ಅದೇ ಆಕಾಶದಲ್ಲಿ ನೆರೆಹೊರೆಯಾಗಿ ಬಾಳಬೇಕಾಗಿದೆ.

ಒಂದೇ ಆವರ್ತನದಲ್ಲಿ ಇಬ್ಬರು ಸಮಬಲದಿಂದ ನುಡಿದರೆ ಕೇಳುವವನಿಗೆ ಯಾರ ಮಾತೂ ತಿಳಿಯದು. ಇದರ ಪರಿಹಾರಕ್ಕೆ ಮೊದಲನೆಯ ಮಾರ್ಗ, ನೆರೆಯವರಿಗೆ ಬೇರೆ ಬೇರೆ ಆವರ್ತನಗಳನ್ನು ಕೊಡುವುದು. ಮೈಸೂರು ಆಕಾಶವಾಣಿಗೆ 100.6, ಹಾಸನಕ್ಕೆ 102.2, ಮಡಿಕೇರಿಗೆ 103.1 ಮೆಗಾಹರ್ಟ್ಸ್ ಎಂದು ಗೊತ್ತುಮಾಡಿರುವುದು ಇದಕ್ಕಾಗಿಯೇ. ಮೈಸೂರಿಗೂ ಮಡಿಕೇರಿಗೂ ನಡುವಣ ಪಿರಿಯಾಪಟ್ಟಣದಲ್ಲಿ ಎರಡು ನಿಲಯಗಳ ದನಿಯೂ ಬೆರೆಯದೆ ಕೇಳಬಲ್ಲದು. ಎರಡನೆಯ ಮಾರ್ಗ ದೂರ. ಬೆಂಗಳೂರು ಹಾಗೂ ಧಾರವಾಡದ ಸಮುದಾಯ ಬಾನುಲಿಗಳೆರಡೂ 90.4 ಮೆಗಾಹರ್ಟ್ಸಿನಲ್ಲಿಯೇ ನುಡಿದರೂ ಒಂದಕ್ಕೊಂದು ತೊಡಕಾಗುವುದಿಲ್ಲ. ಮೂರನೆಯದು ಮಿತಿ. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನಲ್ಲಿ 2012ರಲ್ಲಿ ಆರಂಭವಾದ ‘ಜನಧ್ವನಿ’ಯಂತಹ ಸಮುದಾಯ ಬಾನುಲಿಗಳ ಶಕ್ತಿಗೂ ಕಂಬದ ಎತ್ತರಕ್ಕೂ ಸರಕಾರವು ಮೇರೆಯನ್ನು ವಿಧಿಸಿದೆ. ತನ್ನ ಊರಿಗೆ ಸಾಕಾಗುವಷ್ಟೇ ದನಿ ಎತ್ತಿದರೆ ಅದೇ ಆವರ್ತನವು ದೂರದ ಮತ್ತೊಂದು ಊರಿಗೂ ಒದಗುತ್ತದೆ.

ದನಿಯನ್ನು ಏರಿಸಿದರೆ ತೊಡಕು ತೀರುವುದೆಂಬುದು ಭ್ರಮೆ. ಒಬ್ಬನು ಇಮ್ಮಡಿಸಿದರೆ ಮತ್ತೊಬ್ಬನೂ ಇಮ್ಮಡಿಸುವನು. ಅವರ ನಡುವಣ ಪ್ರಮಾಣವು ಇದ್ದಂತೆಯೇ ಉಳಿದು ಮೂರನೆಯವನು ಕೆಡುವನು. ಯಂತ್ರಗಳಿಗೆ ಈ ವಿವೇಕವನ್ನು ಮಾನವನು ಕಲಿಸಿದ್ದಾನೆ. ಗೋಪುರದ ಸಮೀಪವಿರುವ ಮೊಬೈಲ್ ಫೋನು ತನ್ನ ದನಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವೈಫೈ ಉಪಕರಣವು ಮೊದಲು ಆಲಿಸಿ, ಬೇರೆ ಯಾರೂ ನುಡಿಯುತ್ತಿಲ್ಲವೆಂದು ಕಂಡ ಮೇಲೆ ತಾನು ನುಡಿಯುತ್ತದೆ. ಯಂತ್ರಕ್ಕೆ ಈ ಸಂಯಮವನ್ನು ಕಲಿಸಿದ ಮಾನವನೇ ಅದನ್ನು ಮರೆತರೆ ಹೇಗೆ?

ಮೊಬೈಲ್ ಸಂಕೇತವು ಕ್ಷೀಣವಾದಾಗ ಕೆಲವರು ಅನುಮತಿಯಿಲ್ಲದ ‘ಬೂಸ್ಟರ್’ ಯಂತ್ರವನ್ನು ಮಾಳಿಗೆಯ ಮೇಲೆ ನಿಲ್ಲಿಸುತ್ತಾರೆ. ಜಾತ್ರೆಯಲ್ಲಿ ಧ್ವನಿವರ್ಧಕವು ತನ್ನ ಸದ್ದನ್ನು ತಾನೇ ನುಂಗಿ ಕೀರಿಡುವಂತೆ ಇಂತಹ ಯಂತ್ರವೂ ತನ್ನ ಅಲೆಯನ್ನು ತಾನೇ ಹಿಡಿದು ಕೀರಿಡಬಹುದು. ಆ ಗದ್ದಲದಲ್ಲಿ ಗೋಪುರಕ್ಕೆ ಸುತ್ತಲಿನ ಫೋನುಗಳ ಮೆಲುದನಿ ಕೇಳಿಸದು. ಒಂದು ಮನೆಗೆ ಒದಗಿದ ಸೌಕರ್ಯವು ಹಲವು ಮನೆಗಳಿಗೆ ಕಂಟಕವಾಗುತ್ತದೆ. ಹೆರಿಗೆಯ ನೋವೆದ್ದಾಗ 108ಕ್ಕೆ ಕರೆಮಾಡುವ ಬಡವನ ಕೂಗು ಅದರಲ್ಲಿ ಅಡಗಿಹೋದರೆ ಆ ಹೊಣೆ ಯಾರದು?

ಆದರೆ ಯಂತ್ರವಿಟ್ಟವನನ್ನಷ್ಟೇ ದಂಡಿಸಿ ಸುಮ್ಮನಾಗುವುದೂ ನ್ಯಾಯವಲ್ಲ. ಕಾಡಂಚಿನ ಹಳ್ಳಿಯವನು ಫೋನಿನ ಮಾತಿಗಾಗಿ ದಿಬ್ಬವೇರುವ ಸ್ಥಿತಿಯಿದ್ದರೆ ಅವನು ಅಡ್ಡದಾರಿ ಹಿಡಿಯುವುದು ಸೋಜಿಗವಲ್ಲ. ಕಾಲುವೆಯ ಕೊನೆಗೆ ನೀರನ್ನು ಮುಟ್ಟಿಸದ ಅಧಿಕಾರಿಯು ತೂಬೊಡೆದ ರೈತನನ್ನು ಮಾತ್ರ ದೂರಿದರೆ ಸಾಲದು. ಅನುಮತಿಯಿಲ್ಲದ ಯಂತ್ರಗಳ ಮಾರಾಟವನ್ನು ತಡೆಯುವುದರ ಜೊತೆಗೆ ಅಂಚಿನ ಹಳ್ಳಿಗಳಿಗೆ ಗೋಪುರವನ್ನು ಒದಗಿಸುವುದೂ ಆಳುವವರ ಕರ್ತವ್ಯ. ಇವೆರಡೂ ಕೂಡಿ ನಡೆದಾಗಲೇ ಕಾನೂನಿಗೆ ಗೌರವವು ಲಭಿಸುವುದು.

ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸಾರಿತು. ಕೆರೆಕಟ್ಟೆ ಗೋಮಾಳಗಳಂತೆ ಅವೂ ಎಲ್ಲರ ಆಸ್ತಿ. ಎಲ್ಲರದು ಎಂಬುದಕ್ಕೆ ಯಾರದೂ ಅಲ್ಲ ಎಂಬ ಅರ್ಥವನ್ನು ಕಲ್ಪಿಸಿದವರು ಎಷ್ಟೋ ಕೆರೆಗಳನ್ನು ಬತ್ತಿಸಿದ್ದಾರೆ. ಆಕಾಶಕ್ಕೂ ಆ ಗತಿ ಬಾರದಿರಬೇಕಾದರೆ, ಗಟ್ಟಿಯಾಗಿ ನುಡಿಯುವುದಕ್ಕಿಂತ ನೆರೆಯವನ ದನಿಗೆ ಎಡೆಗೊಡುವುದೇ ಹಿರಿದೆಂಬ ಅರಿವು ಮನೆಮನೆಯಲ್ಲಿ ಬೆಳೆಯಬೇಕು.