ಉಂಡ ಮನೆಯ ಜಂತೆ ಎಣಿಸುವವರು ಯಾರು?

ಹೋದ ಮಳೆಗಾಲದಲ್ಲಿ ಗೊಬ್ಬರ, ಔಷಧಿ ಮಾರುವ ಕಂಪನಿಯೊಂದರವರು ನಮ್ಮನ್ನು ಹುಡುಕಿಕೊಂಡು ಬಂದರು. ಅಡಿಕೆ ತೋಟಕ್ಕೆ ಹೊಡೆಯುವ ಅವರ ಟಾನಿಕ್ ಬಗ್ಗೆ ನಾವೊಂದು ಲೇಖನ ಬರೆಯಬೇಕಂತೆ. ಬರೆದರೆ ಎಂಟು ಸಾವಿರ ರೂಪಾಯಿ. ಷರತ್ತು ಎರಡೇ. ಹಳದಿ ಎಲೆ ರೋಗ ಇದರಿಂದ ವಾಸಿಯಾಯಿತು ಎಂದು ಒಬ್ಬ ರೈತರ ಬಾಯಲ್ಲಿ ಹೇಳಿಸಬೇಕು. ದುಡ್ಡು ಕೊಟ್ಟ ವಿಷಯ ಎಲ್ಲೂ ಬರಬಾರದು.

ಎಂಟು ಸಾವಿರ ನಮಗೆ ಸಣ್ಣ ಮೊತ್ತವಲ್ಲ. ನಮ್ಮಲ್ಲಿ ಒಬ್ಬರು ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾರೆ, ಇನ್ನೊಬ್ಬರು ಸಂಜೆ ಟ್ಯೂಷನ್ ಹೇಳುತ್ತಾರೆ. ಆದರೂ ಬೇಡ ಅಂದೆವು. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಎಷ್ಟೋ ತೋಟಗಳನ್ನು ತಿಂದುಹಾಕಿದ ರೋಗ ಅದು. ಗೊಬ್ಬರ, ಪೋಷಕಾಂಶ ಕೊಟ್ಟು ಮರವನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಬಹುದು, ಆದರೆ ರೋಗ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ನಮ್ಮ ಲೇಖನ ನಂಬಿ ಯಾರೋ ಸೊಸೈಟಿ ಸಾಲ ತಂದು ಟಾನಿಕ್ ಹೊಡೆಸಿದ್ದರೆ, ಆ ಸಾಲವನ್ನು ನಾವು ತೀರಿಸುತ್ತಿದ್ದೆವಾ?

"ಬರೆಯುವವರಿಗೂ ಹೊಟ್ಟೆ ಇದೆಯಲ್ಲ" ಅನ್ನುತ್ತಾರೆ. ಖಂಡಿತ ಇದೆ. ಬರಹ ಅಂದರೆ ಸೇವೆ, ಅದಕ್ಕೆ ಕಾಸು ಕೇಳಬಾರದು ಎಂಬ ಉಪದೇಶವನ್ನೂ ನಾವು ಒಪ್ಪುವುದಿಲ್ಲ. ಆ ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ತಿಂಗಳ ಸಂಬಳ ಇರುತ್ತದೆ. ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದು ಒಂದು ಸುದ್ದಿ ತರಬೇಕಾದರೆ ಬಸ್ ಚಾರ್ಜು ಬೇಕು, ಊಟ ಬೇಕು, ಫೋನಿಗೆ ಡೇಟಾ ಬೇಕು. ನಮ್ಮ ಜಗಳ ದುಡ್ಡಿನ ಜೊತೆ ಅಲ್ಲ, ಬಚ್ಚಿಟ್ಟ ದುಡ್ಡಿನ ಜೊತೆ.

ಸಂತೆಯಲ್ಲಿ ವ್ಯಾಪಾರಿ ತನ್ನ ಬದನೆಕಾಯಿಯನ್ನು ತಾನೇ ಹೊಗಳಿದರೆ ಅದರಲ್ಲಿ ಮೋಸವಿಲ್ಲ. ಅವನು ಮಾರಲು ಕೂತವನು ಎಂದು ನಿಮಗೆ ಗೊತ್ತು. ಅವನಿಂದ ಕಾಸು ತೆಗೆದುಕೊಂಡವನು ಗಿರಾಕಿಯ ಹಾಗೆ ನಿಮ್ಮ ಪಕ್ಕದಲ್ಲಿ ನಿಂತು ಹೊಗಳಿದರೆ ಅದು ಮೋಸ. ಲೇಖನದ ವೇಷ ಹಾಕಿದ ಜಾಹೀರಾತು ಮಾಡುವುದು ಇದನ್ನೇ.

"ದೊಡ್ಡ ಪತ್ರಿಕೆಗಳೇ ಮಾಡಿಲ್ಲವೇ?" ಎಂಬ ಮಾತೂ ಬರುತ್ತದೆ. 2009ರ ಲೋಕಸಭಾ ಚುನಾವಣೆಯಲ್ಲಿ ಅಭ್ಯರ್ಥಿಗಳ ಹಣಕ್ಕೆ ಸುದ್ದಿ ಅಚ್ಚಾದ ದೂರುಗಳನ್ನು ಭಾರತೀಯ ಪತ್ರಿಕಾ ಮಂಡಳಿಯೇ ವಿಚಾರಣೆ ಮಾಡಬೇಕಾಯಿತು. ದೊಡ್ಡವರು ಜಾರಿದರು ಅಂತ ನಾವೂ ಜಾರಬೇಕೆ? ಬೇರೆ ದಾರಿಯೂ ನಮ್ಮ ಕಣ್ಣೆದುರೇ ಇದೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ಇಲ್ಲದೆ, ಓದುಗರು ಕೊಟ್ಟ ಕಾಸಿನಿಂದ ನಡೆಯಿತು. ಮಂತ್ರಿ, ಮುಖ್ಯಮಂತ್ರಿಗಳನ್ನು ಹೆಸರು ಹಿಡಿದು ಪ್ರಶ್ನಿಸುವ ಧೈರ್ಯಕ್ಕೆ ಅದೂ ಒಂದು ಕಾರಣ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆ ನಿಮಗೆ ಗೊತ್ತು. ಬರೆಯುವವರ ಕೆಲಸವೇ ಜಂತೆ ಎಣಿಸುವುದು. ಹಾಗಾಗಿ ಎಲ್ಲಿ ಉಣ್ಣುತ್ತೇವೆ ಎನ್ನುವುದು ನಮಗೆ ದೊಡ್ಡ ಪ್ರಶ್ನೆ.

ಕಾನೂನೂ ಸುಮ್ಮನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ತಯಾರಿಸಿದವರಷ್ಟೇ ಅಲ್ಲ, ಹೊಗಳಿದವರೂ ಹೊಣೆ. ದುಡ್ಡು, ಉಚಿತ ವಸ್ತು, ಪ್ರವಾಸ, ಕಮಿಷನ್, ಯಾವುದನ್ನು ಪಡೆದು ಹೊಗಳಿದರೂ ಅದನ್ನು ಎದ್ದು ಕಾಣುವಂತೆ, ಹೊಗಳಿದ ಭಾಷೆಯಲ್ಲೇ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. ಅಂದರೆ ಕನ್ನಡದಲ್ಲಿ ಹೊಗಳಿ, ಕೊನೆಯಲ್ಲಿ ಕಾಣದಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ನುಣುಚಿಕೊಳ್ಳುವಂತಿಲ್ಲ.

ನಾವು ಹಾಕಿಕೊಂಡ ಕಟ್ಟುಪಾಡು ಇಷ್ಟು. ಗೂಗಲ್ ತಾನಾಗಿ ಹಾಕುವ ಜಾಹೀರಾತು ಇರಲಿ, ಬರುವುದು ಚಿಲ್ಲರೆ ಕಾಸಾದರೂ ಅದರ ಸರಕಿನ ಬಗ್ಗೆ ನಾವು ಬಾಯಿಬಿಡುವುದಿಲ್ಲ. ಪುಸ್ತಕ, ಉಪಕರಣ ಯಾವುದಾದರೂ ಪುಕ್ಕಟೆ ಬಂದಿದ್ದರೆ ಲೇಖನದ ಮೊದಲ ಸಾಲಿನಲ್ಲೇ ಹೇಳುತ್ತೇವೆ. ಬೀಜ, ಗೊಬ್ಬರ, ಔಷಧಿ, ಸಾಲ ಕೊಡುವ ಕಂಪನಿಗಳಿಂದ ಮತ್ತು ರಾಜಕೀಯ ಪಕ್ಷಗಳಿಂದ ಬರಹಕ್ಕೆ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಇವುಗಳ ಸುಳ್ಳಿಗೆ ನೀವು ತೆರುವ ಬೆಲೆ ಒಂದು ಬೆಳೆಯಷ್ಟು, ಕೆಲವೊಮ್ಮೆ ಒಂದು ತೋಟದಷ್ಟು. ಬಂದ ಹಣದ ಲೆಕ್ಕವನ್ನು ಪ್ರತಿ ತಿಂಗಳು ಇಲ್ಲೇ ಬರೆಯುತ್ತೇವೆ.

ಓದುಗರಿಗೂ ಒಂದು ಮಾತಿದೆ. ಎಲ್ಲವೂ ಪುಕ್ಕಟೆ ಬೇಕು, ಸತ್ಯವೂ ಬೇಕು ಅಂದರೆ ಲೆಕ್ಕ ಕೂಡುವುದಿಲ್ಲ. ನೀವು ಕೊಡದ ಹತ್ತು ರೂಪಾಯಿಯ ಜಾಗಕ್ಕೆ ಕಂಪನಿಯ ಎಂಟು ಸಾವಿರ ಬಂದು ಕೂರುತ್ತದೆ. ಕೊಡಲು ಕಷ್ಟವಾದರೆ ಬೇಡ, ಪ್ರಶ್ನೆಯನ್ನಾದರೂ ಕೇಳಿ. ಫೋನಿನಲ್ಲಿ "ಅದ್ಭುತ ಫಲಿತಾಂಶ" ಎಂಬ ಲೇಖನ, ವಿಡಿಯೋ ಬಂದರೆ "ಇದಕ್ಕೆ ದುಡ್ಡು ಕೊಟ್ಟವರು ಯಾರು?" ಅಂತ ಬರೆದವರನ್ನೇ ಕೇಳಿ. ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಈ ಪ್ರಶ್ನೆಯನ್ನು ಮೊದಲು ನಮಗೇ ಕೇಳಿ. ನಾವು ತಡವರಿಸಿದರೆ, ಅವತ್ತಿನಿಂದ ನಮ್ಮನ್ನು ಓದುವುದು ಬಿಟ್ಟುಬಿಡಿ.